ಪೆಟ್ಟಿಗೆಯಲ್ಲಿ ತುಂಬಲಾಗದ ಸರಕು

ವೆಸ್ಟ್ ಇಂಡೀಸ್ ಎಂದೊಡನೆ ನಿಮಗೆ ಕ್ರಿಕೆಟ್ ನೆನಪಾಗುತ್ತದೆ. ಆದರೆ ಭೂಪಟದಲ್ಲಿ ಆ ಹೆಸರಿನ ದೇಶವನ್ನು ಹುಡುಕಿ ನೋಡಿ, ಸಿಗುವುದಿಲ್ಲ. ಬ್ರಯಾನ್ ಲಾರಾ ಟ್ರಿನಿಡಾಡಿನವರು, ಕ್ರಿಸ್ ಗೇಲ್ ಜಮೈಕಾದವರು. ಬೇರೆ ಬೇರೆ ದೇಶಗಳ ಆಟಗಾರರು ಕೂಡಿ ಆಡುವ ತಂಡವದು. 1958ರಲ್ಲಿ ಹಲವು ದ್ವೀಪಗಳು ಸೇರಿ ಒಂದು ಒಕ್ಕೂಟವನ್ನೂ ರಚಿಸಿದ್ದವು. 1962ರಲ್ಲಿ ಅದು ಮುರಿದುಬಿತ್ತು; ತಂಡ ಉಳಿಯಿತು.

ಕೂಡಿ ಆಡಬಹುದಾದರೆ, ಕೂಡಿ ದುಡಿಯಲು ಏನಡ್ಡಿ?

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಬಾಳೆಹಣ್ಣನ್ನು ಪೆಟ್ಟಿಗೆಯಲ್ಲಿ ತುಂಬಿ ಹಡಗಿಗೆ ಏರಿಸಬಹುದು. ದಾದಿಯ ಆರೈಕೆಯನ್ನು, ಬಡಗಿಯ ಕೆಲಸವನ್ನು ಹಾಗೆ ಕಳಿಸಲಾಗದು. ಇವು ಸೇವೆಗಳು. ಪ್ರವಾಸಿಯಂತೆ ಪಡೆಯುವವನೇ ಸೇವೆಯ ಬಳಿಗೆ ಬರಬಹುದು. ಬ್ಯಾಂಕಿನಂತೆ ಶಾಖೆ ತೆರೆಯಬಹುದು. ಕೆಲವನ್ನು ಫೋನಿನಲ್ಲೇ ಮುಗಿಸಬಹುದು. ಉಳಿದವಕ್ಕೆ ಮನುಷ್ಯನೇ ಗಡಿ ದಾಟಬೇಕು. ಇಲ್ಲಿ ವ್ಯಾಪಾರವೆಂದರೆ ಜನರ ಸಂಚಾರ.

ಪುಟ್ಟ ದೇಶಗಳಿಗೆ ಇದು ಅನಿವಾರ್ಯ. ಸೇಂಟ್ ವಿನ್ಸೆಂಟ್‌ನ ಜನಸಂಖ್ಯೆ ಸುಮಾರು 1 ಲಕ್ಷ; ಡೊಮಿನಿಕಾದ್ದು ಅದಕ್ಕೂ ಕಡಿಮೆ. ಅಷ್ಟು ಜನಕ್ಕಾಗಿ ಪ್ರತಿಯೊಂದು ರೋಗಕ್ಕೂ ತಜ್ಞರನ್ನು ಇಟ್ಟುಕೊಳ್ಳುವುದು ಹೇಗೆ? ಹಂಚಿಕೊಳ್ಳಬೇಕು. 1948ರಲ್ಲಿ ಜಮೈಕಾದಲ್ಲಿ ಆರಂಭವಾದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯ ಅಂಥ ಹಂಚಿಕೆಯ ಫಲ.

1973ರಲ್ಲಿ ಈ ದೇಶಗಳು ‘ಕ್ಯಾರಿಕಾಮ್’ ಎಂಬ ಸಮುದಾಯ ಕಟ್ಟಿದವು. 2001ರಲ್ಲಿ ಪರಿಷ್ಕೃತ ಒಪ್ಪಂದ ಬಂತು. ಮೊದಲು ಬಾಗಿಲು ತೆರೆದದ್ದು ಆಯ್ದ ಕೆಲವರಿಗೆ: ಪದವೀಧರರು, ಕ್ರೀಡಾಪಟುಗಳು, ಕಲಾವಿದರು, ಸಂಗೀತಗಾರರು, ನನ್ನಂಥ ಮಾಧ್ಯಮದವರು. ದಾದಿಯರು, ಶಿಕ್ಷಕರು, ಮನೆಗೆಲಸದವರು ಸೇರಿದ್ದು ಆಮೇಲೆ. ಅವರೂ ಕೌಶಲ ಪ್ರಮಾಣಪತ್ರ ತೋರಿಸಬೇಕಿತ್ತು.

ಕಾಗದದ ಮೇಲಿನ ಹಕ್ಕು ವಿಮಾನ ನಿಲ್ದಾಣದಲ್ಲಿ ನಡೆಯುತ್ತದೆಯೇ? 2011ರಲ್ಲಿ ಜಮೈಕಾದ ಯುವತಿಯೊಬ್ಬಳನ್ನು ಬಾರ್ಬಡೋಸ್ ಒಳಗೆ ಬಿಡದೆ ಹಿಂದಕ್ಕೆ ಕಳಿಸಿತು. ಆಕೆ ಕೆರಿಬಿಯನ್ ನ್ಯಾಯಾಲಯಕ್ಕೆ ಹೋದಳು. ಸಮುದಾಯದ ಪ್ರಜೆಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಪ್ರವೇಶಿಸಿ 6 ತಿಂಗಳು ತಂಗುವ ಹಕ್ಕಿದೆ ಎಂದು 2013ರಲ್ಲಿ ತೀರ್ಪು ಬಂತು. ಆಕೆಗೆ ಪರಿಹಾರವೂ ದೊರೆಯಿತು. ಗಮನಿಸಿ: ಅದು ತಂಗುವ ಹಕ್ಕು, ದುಡಿಯುವ ಹಕ್ಕಲ್ಲ.

ಮುಂದಿನ ಹೆಜ್ಜೆ ಬಿದ್ದದ್ದು 2025ರ ಅಕ್ಟೋಬರ್ 1ರಂದು. ಬಾರ್ಬಡೋಸ್, ಡೊಮಿನಿಕಾ, ಸೇಂಟ್ ವಿನ್ಸೆಂಟ್ ದ್ವೀಪಗಳು ಹಾಗೂ ಮುಖ್ಯಭೂಮಿಯ ಬೆಲೀಜ್ ತಮ್ಮತಮ್ಮೊಳಗೆ ಗಡಿಯನ್ನು ಸಡಿಲಿಸಿದವು. ಈ ನಾಲ್ಕು ದೇಶಗಳ ಪ್ರಜೆಗಳು ಪರವಾನಗಿಯಾಗಲಿ ಪ್ರಮಾಣಪತ್ರವಾಗಲಿ ಇಲ್ಲದೆ ಪರಸ್ಪರರಲ್ಲಿ ನೆಲೆಸಿ ದುಡಿಯಬಹುದು. ಮಕ್ಕಳಿಗೆ ಸರ್ಕಾರಿ ಶಾಲೆ, ಎಲ್ಲರಿಗೂ ಪ್ರಾಥಮಿಕ ಚಿಕಿತ್ಸೆ ಉಂಟು.

ಭಯವಿಲ್ಲವೇ? ಇದೆ. ನೀರು ತಗ್ಗಿಗೆ ಹರಿದರೆ, ದುಡಿಯುವವನು ಕೂಲಿ ಹೆಚ್ಚಿರುವ ಕಡೆಗೆ ನಡೆಯುತ್ತಾನೆ. ಹೋದ ಕಡೆ ಸ್ಥಳೀಯರು ಗೊಣಗುತ್ತಾರೆ. ಬಿಟ್ಟುಬಂದ ದ್ವೀಪದಲ್ಲಿ ಶಾಲೆಗೆ ಮೇಷ್ಟ್ರಿಲ್ಲ. ಆದರೆ ಬಾಗಿಲು ಮುಚ್ಚಿದರೆ ಅವರು ಮನೆಯಲ್ಲೇ ಉಳಿಯುತ್ತಾರೆಂದಲ್ಲ. ಕೆರಿಬಿಯನ್ ದಾದಿಯರು ಬ್ರಿಟನ್, ಅಮೆರಿಕ, ಕೆನಡಾಗಳಿಗೆ ಹೋಗುತ್ತಲೇ ಬಂದಿದ್ದಾರೆ. ನೆರೆಮನೆಗೆ ಹೋದವರು ಹಬ್ಬಕ್ಕಾದರೂ ಮರಳಿಯಾರು.

ಮುಂದಿನ ಸಲ ಆ ತಂಡದ ಆಟ ನೋಡುವಾಗ, ಹನ್ನೊಂದು ಮಂದಿಯಲ್ಲಿ ಎಷ್ಟು ದೇಶಗಳಿವೆ, ಎಣಿಸಿ.