ಮೀನಿಗಿಂತ ಮೊದಲು ನೀರನ್ನು ಸಾಕಿ

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯಿತೆಂದರೆ ಮಕ್ಕಳ ಬೇಡಿಕೆಗಳ ಪಟ್ಟಿಯಲ್ಲಿ ಮೀನಿನ ತೊಟ್ಟಿಗೂ ಒಂದು ಜಾಗ ಇದ್ದೇ ಇರುತ್ತದೆ. ಹಾನಗಲ್ಲಿನಲ್ಲಾಗಲಿ, ಶಿಗ್ಗಾವಿಯಲ್ಲಾಗಲಿ ನಡೆಯುವ ಕಥೆ ಒಂದೇ. ಅಪ್ಪ ಹುಬ್ಬಳ್ಳಿಗೆ ಹೋದಾಗ ಎರಡಡಿ ಉದ್ದದ ಗಾಜಿನ ತೊಟ್ಟಿ, ಬಣ್ಣದ ಹರಳು, ಗಾಳಿಯ ಪಂಪು, ಪ್ಲಾಸ್ಟಿಕ್ ಚೀಲದಲ್ಲಿ ಆರೆಂಟು ಗೋಲ್ಡ್ ಫಿಷ್ ತರುತ್ತಾರೆ. ಸಂಜೆಯೊಳಗೆ ಬೋರ್ ನೀರು ತುಂಬಿ ಮೀನು ಬಿಟ್ಟೂ ಆಗುತ್ತದೆ. ಮೊದಲ ಮೂರು ದಿನ ಮನೆಯೆಲ್ಲ ಸಂಭ್ರಮ. ವಾರ ಕಳೆಯುವಷ್ಟರಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯತೊಡಗುತ್ತವೆ. ಹದಿನೈದು ದಿನಗಳಲ್ಲಿ ತೊಟ್ಟಿ ಖಾಲಿ. "ನಮಗ ಮೀನ ಸಾಕೂದು ಆಗಿಬರೂದಿಲ್ಲ" ಎಂದು ಹಿರಿಯರು ತೀರ್ಮಾನಿಸಿ ತೊಟ್ಟಿಯನ್ನು ಅಟ್ಟಕ್ಕೇರಿಸುತ್ತಾರೆ. ತಾನೇನು ತಪ್ಪು ಮಾಡಿದೆನೋ ಎಂದು ಮಗು ಮುಖ ಸಣ್ಣದು ಮಾಡಿಕೊಂಡು ಕೂರುತ್ತದೆ.

ಮಗು ಅಳಬೇಕಾದ ಕಾರಣವೇ ಇಲ್ಲ. ತೊಟ್ಟಿಯ ನೀರು ಇನ್ನೂ ಹದಕ್ಕೆ ಬಂದಿರಲಿಲ್ಲ, ಅಷ್ಟೆ.

ಕಾಣದ ಕೆಲಸಗಾರರು

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ, ಮೀನಿನ ಮಲ ಕೊಳೆತಾಗಲೂ ಹುಟ್ಟುವುದು ಅಮೋನಿಯಾವೇ. ಅದು ಮೀನಿಗೆ ವಿಷ. ಕೆರೆಯಲ್ಲಿ ಕಲ್ಲು, ಕೆಸರು, ಜೊಂಡುಗಳ ಮೇಲೆ ನೆಲೆಸಿರುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ಇದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ. ಇದು ಸ್ವಲ್ಪ ಪ್ರಮಾಣದಲ್ಲಿದ್ದರೆ ಮೀನಿಗೆ ಬಾಧಕವಲ್ಲ, ಗಿಡಗಳಿಗಂತೂ ಆಹಾರ. ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿಕೊಟ್ಟರು.

ಅಂಗಡಿಯಿಂದ ಬಂದ ಹೊಸ ತೊಟ್ಟಿಯಲ್ಲಿ ಈ ಕೆಲಸಗಾರರು ಇಲ್ಲವೆಂದೇ ಹೇಳಬೇಕು. ಅವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೀನು ಸಾಯುವುದು ಎರಡನೆಯ ವಾರದಲ್ಲಿ! ಮೀನು ಬಳಲಿದ್ದನ್ನು ಕಂಡು ನಾವು ಇಡೀ ನೀರನ್ನು ಚೆಲ್ಲಿ, ಹರಳನ್ನು ಸೋಪಿನಲ್ಲಿ ತೊಳೆಯುತ್ತೇವೆ. ಆಗತಾನೇ ನೆಲೆಸುತ್ತಿದ್ದ ಬ್ಯಾಕ್ಟೀರಿಯಾಗಳೂ ಚರಂಡಿ ಸೇರುತ್ತವೆ.

ಹಿರೇಕೆರೂರಿನ ಹೆಸರಿನಲ್ಲೇ ಹಿರಿದಾದ ಕೆರೆ ಇದೆ. ಒಂದು ಎಕರೆ ಕೆರೆಯಲ್ಲಿ ಆರಡಿ ನೀರು ನಿಂತರೆ ಸುಮಾರು 74 ಲಕ್ಷ ಲೀಟರ್. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು ಬರೀ 56 ಲೀಟರ್. ಒಂದು ಹಿಡಿ ಆಹಾರ ಹೆಚ್ಚಾದರೆ ಕೆರೆಗೆ ಗೊತ್ತೇ ಆಗುವುದಿಲ್ಲ. ತೊಟ್ಟಿಯ ನೀರು ಒಂದೇ ದಿನದಲ್ಲಿ ಕೆಡುತ್ತದೆ.

ಹಂಡೆಯ ತಳದ ಬಿಳಿ ಪದರ

ಬೋರ್ ನೀರು ಕಾಸುವ ಮನೆಗಳಲ್ಲಿ ಹಂಡೆಯ ತಳಕ್ಕೆ ಬಿಳಿ ಪದರ ಕಟ್ಟುವುದನ್ನು ನೀವು ನೋಡಿರುತ್ತೀರಿ. ಅದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಮೀನು ಸಾಕುವವರಿಗೆ ಒಂದು ವರ. ಬ್ಯಾಕ್ಟೀರಿಯಾಗಳು ದುಡಿಯುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ಬೈಕಾರ್ಬೊನೇಟ್ ಹೀರಿಕೊಂಡು ನೀರಿನ ಪಿಎಚ್ ಕುಸಿಯದಂತೆ ತಡೆಯುತ್ತದೆ. 'ಶುದ್ಧ ನೀರಿನ ಘಟಕ'ದ ನೀರು ಮೀನಿಗೂ ಒಳ್ಳೆಯದೆಂದು ಕ್ಯಾನುಗಟ್ಟಲೆ ತಂದು ಸುರಿಯುವವರಿದ್ದಾರೆ. ಆ ನೀರಿನಲ್ಲಿ ಈ ಲವಣಗಳು ಬಹುಪಾಲು ಸೋಸಿಹೋಗಿರುತ್ತವೆ. ಹಾಗಾಗಿ ಅದೊಂದನ್ನೇ ತುಂಬುವುದು ಸರಿಯಲ್ಲ.

ಗಡಸು ನೀರಿಗೆ ಇನ್ನೊಂದು ಮುಖವೂ ಇದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ತೀವ್ರ ವಿಷರೂಪದ್ದು ಸುಮಾರು 200ರಲ್ಲಿ 1 ಪಾಲು. ಪಿಎಚ್ 8ಕ್ಕೆ ಏರಿದರೆ ಅದು 20ರಲ್ಲಿ 1 ಪಾಲಾಗುತ್ತದೆ. ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಮೇಲ್ಮಟ್ಟದಲ್ಲೇ ಇರುವುದರಿಂದ ನಮ್ಮಲ್ಲಿ ಅವಸರ ಇನ್ನೂ ಅಪಾಯ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಒಂದು ಲೋಟದಲ್ಲಿ ಮಳೆನೀರು, ಇನ್ನೊಂದರಲ್ಲಿ ಅಷ್ಟೇ ಬೋರ್ ನೀರು ತೆಗೆದುಕೊಳ್ಳಿ. ಎರಡಕ್ಕೂ ಕೆಂಪು ದಾಸವಾಳದ ಎಸಳು ಕುದಿಸಿದ ನೀರನ್ನು ಸಮನಾಗಿ ಬೆರೆಸಿ, ಲಿಂಬೆರಸವನ್ನು ಹನಿಹನಿಯಾಗಿ ಹಾಕುತ್ತ ಬನ್ನಿ. ಮಳೆನೀರು ಬೇಗನೆ ಕೆಂಪಾಗುತ್ತದೆ, ಬೋರ್ ನೀರಿಗೆ ಹೆಚ್ಚು ಹನಿ ಬೇಕಾಗುತ್ತದೆ. ಬೈಕಾರ್ಬೊನೇಟಿನ ತಡೆಯುವ ಶಕ್ತಿ ಎಂದರೆ ಇದೇ.

ಹವಳ ಕಲಿಸುವ ಪಾಠ

ಹಂಡೆಯ ತಳದಲ್ಲಿರುವ ಅದೇ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಹವಳದ ಜೀವಿಗಳು ಸಮುದ್ರದಲ್ಲಿ ಗೂಡು ಕಟ್ಟುತ್ತವೆ. ಹಾನಗಲ್ಲಿನಿಂದ ಪಶ್ಚಿಮಕ್ಕೆ ಘಟ್ಟ ಇಳಿದರೆ, ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಲೀಟರಿಗೆ ಸುಮಾರು 35 ಗ್ರಾಂ ಲವಣ, 400 ಮಿಲಿಗ್ರಾಂಗಿಂತ ತುಸು ಹೆಚ್ಚು ಕ್ಯಾಲ್ಸಿಯಂ, 8.1ರ ಆಸುಪಾಸಿನ ಪಿಎಚ್ ಅವಕ್ಕೆ ಒಗ್ಗಿದ ಸಮುದ್ರದ ನೀರು. ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ಉಳಿದರೂ ಹವಳ ಬಿಳಚಿಕೊಳ್ಳುತ್ತದೆ. ಜಗತ್ತಿನ ಹವಳಗಳು ನಾಲ್ಕನೆಯ ಬಾರಿ ವ್ಯಾಪಕವಾಗಿ ಬಿಳಚುತ್ತಿವೆ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು.

ಹೊರದೇಶಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಹವಳ ಬೆಳೆಸುವ ಹವ್ಯಾಸಿಗಳು ಕ್ಯಾಲ್ಸಿಯಂ, ಬೈಕಾರ್ಬೊನೇಟುಗಳನ್ನು ಪದೇಪದೇ ಅಳೆಯುತ್ತಾರೆ. ಅಂಕಿ ಒಂದಿಷ್ಟು ಕಡಿಮೆಯಿದ್ದರೂ ಚಿಂತೆಯಿಲ್ಲ, ದಿನಕ್ಕೊಂದು ತರಹ ಏರಿಳಿಯಬಾರದು ಎಂಬುದು ಅವರ ಅನುಭವ. ನಮ್ಮ ದೇಶದಲ್ಲಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಪಟ್ಟಿಗೆ ಸೇರಿಸಲಾಗಿದೆ. ಅವುಗಳನ್ನು ಕೀಳುವುದು, ಮಾರುವುದು ಅಪರಾಧ. ಹವಳವನ್ನು ಸಮುದ್ರದಲ್ಲೇ ಬಿಟ್ಟು, ಅದು ಕಲಿಸುವ ಪಾಠವನ್ನಷ್ಟೇ ಮನೆಗೆ ತರೋಣ.

ಆರು ವಾರಗಳ ದಿನಚರಿ

ತೊಟ್ಟಿ ತಂದ ದಿನವೇ ಮೀನು ತರಬೇಡಿ. ನಲ್ಲಿ ನೀರಾದರೆ ಅದರಲ್ಲಿನ ಕ್ಲೋರಿನ್ ಹಾರಿಹೋಗಲು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ತುಂಬಿ. ಪಂಪು, ಸ್ಪಂಜಿನ ಸೋಸಕ ಹಗಲಿರುಳು ನಡೆಯಲಿ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ; ಅದು ಕೊಳೆತು ಹುಟ್ಟುವ ಅಮೋನಿಯಾವೇ ಬ್ಯಾಕ್ಟೀರಿಯಾಗಳಿಗೆ ಉಣಿಸು. ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಸ್ಪಂಜಿನ ಒಂದು ತುಂಡು ಸಿಕ್ಕರೆ ಕೆಲಸ ಬೇಗ ಆಗುತ್ತದೆ.

ಅಂಗಡಿಯಲ್ಲಿ ಸಿಗುವ ಪರೀಕ್ಷಾ ಕಿಟ್‌ನಿಂದ ಎರಡು ದಿನಕ್ಕೊಮ್ಮೆ ಅಳೆದು ಮಗುವೇ ನೋಟ್‌ಬುಕ್ಕಿನಲ್ಲಿ ಬರೆಯಲಿ. ಅಮೋನಿಯಾ ಏರಿ ಇಳಿಯುತ್ತದೆ, ಬೆನ್ನಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಯಲ್ಲಿ ನಿಂತ ಮೇಲೆ ಎರಡು ಮೂರು ಮೀನು ಬಿಡಿ. ಗೋಲ್ಡ್ ಫಿಷ್ ದೊಡ್ಡದಾಗಿ ಬೆಳೆಯುವ ಮೀನು. ಸಣ್ಣ ತೊಟ್ಟಿಗೆ, ಗಡಸು ನೀರಿಗೆ ಗಪ್ಪಿ, ಪ್ಲಾಟಿಗಳು ಒಗ್ಗುತ್ತವೆ. ಅವನ್ನು ಕೆರೆಗೆ ಮಾತ್ರ ಬಿಡಬೇಡಿ, ಊರಿನ ಮೀನುಗಳಿಗೆ ತೊಂದರೆಯಾದೀತು. ವಾರಕ್ಕೊಮ್ಮೆ ಐದನೇ ಒಂದು ಭಾಗ ನೀರು ಬದಲಿಸಿದರೆ ಸಾಕು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಮೀನಿಲ್ಲದ ತೊಟ್ಟಿಯ ಮುಂದೆ ಒಂದೂವರೆ ತಿಂಗಳು ಕಾಯುವುದು ಮಗುವಿಗೆ ಕಷ್ಟವೇ. ಅಪ್ಪ ಅವ್ವ ಜೊತೆಗೆ ಕೂತು ಅಂಕಿಗಳನ್ನು ನೋಡಿದರೆ ಕಾಯುವುದು ಅಷ್ಟು ಭಾರವಾಗದು. ಸವಣೂರಿನ ಮಗುವೊಂದು ಹೀಗೆ 56 ಲೀಟರ್ ನೀರನ್ನು ಹದಕ್ಕೆ ತಂದಿತೆನ್ನಿ. ಊರಿನ ಚರಂಡಿಯನ್ನು ಕೆರೆಗೆ ಹರಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಅದಕ್ಕೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಚರಂಡಿಯ ನೀರಿನಲ್ಲಿರುವುದೂ ಅದೇ ಅಮೋನಿಯಾ.