ತಂಪು ಚಿಕಿತ್ಸೆ ಪಡೆದ ಮಗುವಿನ ಮೈಯಲ್ಲಿ ಗಂಟು ಕಂಡರೆ

ಹುಟ್ಟಿದ ಮಗು ಅಳಲಿಲ್ಲ, ಉಸಿರಾಟ ತಡವಾಯಿತು, ಮೆದುಳಿಗೆ ಆಮ್ಲಜನಕ ಸಾಲಲಿಲ್ಲ ಎಂದು ವೈದ್ಯರು ಹೇಳಿದರೆ ಮನೆಮಂದಿಯ ಎದೆ ನಡುಗುತ್ತದೆ. ಇಂತಹ ಕೆಲವು ಶಿಶುಗಳಿಗೆ ದೊಡ್ಡ ಆಸ್ಪತ್ರೆಗಳಲ್ಲಿ ತಂಪು ಚಿಕಿತ್ಸೆ ಕೊಡುತ್ತಾರೆ. ಮೈಯ ಉಷ್ಣತೆಯನ್ನು 33ರಿಂದ 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, 72 ಗಂಟೆ ಹಾಗೆಯೇ ಇಟ್ಟು, ಆಮೇಲೆ ನಿಧಾನವಾಗಿ ಬೆಚ್ಚಗಾಗಿಸುತ್ತಾರೆ. ಮೆದುಳಿಗೆ ಇನ್ನಷ್ಟು ಹಾನಿಯಾಗದಂತೆ ತಡೆಯುವುದೇ ಇದರ ಉದ್ದೇಶ.

ಇದನ್ನು ಹುಟ್ಟಿದ 6 ಗಂಟೆಗಳೊಳಗೆ ಆರಂಭಿಸಬೇಕು. ಸಿರಾ ತಾಲೂಕಿನ ತಾವರೆಕೆರೆಯಂತಹ ಊರಿನವರು ಸಿರಾ, ತುಮಕೂರು ದಾಟಿ ಬೆಂಗಳೂರು ತಲುಪುವಷ್ಟರಲ್ಲಿ ಈ ಸಮಯ ಬೇಗ ಕರಗಿಹೋಗುತ್ತದೆ. ಆದ್ದರಿಂದ ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ದಾರಿಯಲ್ಲಿ ಒದ್ದೆ ಬಟ್ಟೆ, ಐಸ್ ಇಟ್ಟು ಮಗುವನ್ನು ನೀವೇ ತಣಿಸಲು ಹೋಗಬೇಡಿ, ಅದು ಪ್ರಾಣಕ್ಕೇ ಅಪಾಯ.

ಈ ಚಿಕಿತ್ಸೆ ಎಲ್ಲ ಶಿಶುಗಳಿಗೂ ಒಗ್ಗುವುದಿಲ್ಲ. ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶದ ಆಸ್ಪತ್ರೆಗಳಲ್ಲಿ 408 ಶಿಶುಗಳನ್ನು ಒಳಗೊಂಡ ಹೆಲಿಕ್ಸ್ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ತಂಪು ಚಿಕಿತ್ಸೆ ಪಡೆದವರಲ್ಲಿ ಶೇ. 42, ಪಡೆಯದವರಲ್ಲಿ ಶೇ. 31 ಶಿಶುಗಳು ತೀರಿಕೊಂಡಿದ್ದವು. ಹೀಗಾಗಿ ವೈದ್ಯರು ಬಹಳ ಯೋಚಿಸಿ ನಿರ್ಧರಿಸುತ್ತಾರೆ. ಲಾಭವೇನು, ಅಪಾಯವೇನು ಎಂದು ಕೇಳುವ ಹಕ್ಕು ನಿಮಗಿದೆ.

ಚಿಕಿತ್ಸೆ ನಡೆಯುವಾಗ ಹೃದಯ ಬಡಿತ ನಿಧಾನವಾಗಬಹುದು, ರಕ್ತದ ಪ್ಲೇಟ್‌ಲೆಟ್ ಇಳಿಯಬಹುದು, ಸಕ್ಕರೆ ಮತ್ತು ಲವಣಾಂಶಗಳು ಏರುಪೇರಾಗಬಹುದು. ಪದೇ ಪದೇ ರಕ್ತ ತೆಗೆಯುವುದು ಇದೇ ಕಾರಣಕ್ಕೆ. ಅದನ್ನು ಕಂಡು ಗಾಬರಿಯಾಗಬೇಡಿ.

ಮಗು ಮನೆಗೆ ಬಂದ ಮೇಲೆ ಗಮನಿಸಬೇಕಾದದ್ದು ಚರ್ಮವನ್ನು. ನವಜಾತ ಶಿಶುವಿನ ಚರ್ಮದಡಿಯ ಕೊಬ್ಬು ತಂಪಿಗೆ ಬೇಗ ಗಟ್ಟಿಯಾಗುವ ಗುಣದ್ದು. ಆ ಕೊಬ್ಬಿನ ಕೋಶಗಳು ಹಾನಿಗೊಂಡರೆ ಬೆನ್ನು, ಭುಜ, ತೋಳು, ತೊಡೆ, ಪೃಷ್ಠ, ಕೆನ್ನೆಗಳಲ್ಲಿ ಕೆಂಪು ಅಥವಾ ನೀಲಿ ಛಾಯೆಯ ಗಟ್ಟಿ ಗಂಟುಗಳು ಏಳುತ್ತವೆ. ಸಾಮಾನ್ಯವಾಗಿ ಇವು ಮೊದಲ ಕೆಲವು ವಾರಗಳಲ್ಲಿ ಕಾಣಿಸುತ್ತವೆ. ಕಷ್ಟದ ಹೆರಿಗೆಯಲ್ಲಿ ಉಸಿರುಗಟ್ಟಿದ ಮಗುವಿಗೆ ತಂಪು ಚಿಕಿತ್ಸೆ ಇಲ್ಲದೆಯೂ ಬರಬಹುದು. ಹೆಚ್ಚಿನವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತಾವಾಗಿಯೇ ಕರಗುತ್ತವೆ.

ಗಂಟು ಕರಗಿತೆಂದು ನಿಶ್ಚಿಂತರಾಗುವಂತಿಲ್ಲ. ಗಂಟಿನಲ್ಲಿ ಸೇರಿದ ಕೋಶಗಳು ವಿಟಮಿನ್ ಡಿಯ ಸಕ್ರಿಯ ರೂಪವನ್ನು ಅತಿಯಾಗಿ ತಯಾರಿಸುತ್ತವೆ. ಆಗ ಕರುಳು ಹೆಚ್ಚು ಕ್ಯಾಲ್ಸಿಯಂ ಹೀರಿಕೊಂಡು ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಗಂಟುಗಳು ಇಳಿಯುತ್ತಿರುವಾಗಲೂ ಹೀಗಾಗಬಹುದು. ಮಗು ಹಾಲು ಕುಡಿಯದೆ ಮಂಕಾಗುವುದು, ವಾಂತಿ, ಮಲಬದ್ಧತೆ, ಹೆಚ್ಚು ಮೂತ್ರ, ಸದಾ ಕಿರಿಕಿರಿ, ತೂಕ ಏರದಿರುವುದು ಇದರ ಲಕ್ಷಣಗಳು. ಕೆಲವೊಮ್ಮೆ ಯಾವ ಲಕ್ಷಣವೂ ಕಾಣುವುದಿಲ್ಲ. ಹಾಗೇ ಬಿಟ್ಟರೆ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಶೇಖರವಾಗುತ್ತದೆ. ಆದ್ದರಿಂದ ಗಂಟು ಕಂಡ ಮಗುವಿಗೆ ಸುಮಾರು 6 ತಿಂಗಳವರೆಗೆ ವೈದ್ಯರು ಹೇಳಿದಂತೆ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸುತ್ತಿರಬೇಕು. ಬೇಗ ಪತ್ತೆಯಾದರೆ ಡ್ರಿಪ್ ಮತ್ತು ಔಷಧಿಗಳಿಂದ ಗುಣಪಡಿಸಬಹುದು.

ಅಕೀಕಾ ಹೊತ್ತಿಗೆ ಮನೆ ತುಂಬ ಬಂಧುಗಳಿರುತ್ತಾರೆ, ಸಲಹೆಗಳೂ ಬಹಳ. ಹಿರಿಯರಿಗೆ ಪ್ರೀತಿಯಿಂದಲೇ ತಿಳಿಹೇಳಿ: ಗಂಟಿನ ಮೇಲೆ ಎಣ್ಣೆ ಹಚ್ಚಿ ತಿಕ್ಕಬಾರದು, ಶಾಖ ಕೊಡಬಾರದು, ಚುಚ್ಚಿ ಹಿಂಡಬಾರದು. ಎಲ್ಲ ಮಕ್ಕಳಿಗೂ ಕೊಡುವ ವಿಟಮಿನ್ ಡಿ ಹನಿಯನ್ನು ಈ ಮಗುವಿಗೆ ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂದು ವೈದ್ಯರನ್ನೇ ಕೇಳಿ. ಅವರು ಬೇರೆ ಹೇಳದಿದ್ದರೆ ಎದೆಹಾಲು ಮುಂದುವರಿಯಲಿ.

ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಜೋಪಾನವಾಗಿಡಿ. ಸ್ಥಳೀಯ ವೈದ್ಯರ ಬಳಿ ಹೋದಾಗ, "ಈ ಮಗುವಿಗೆ ತಂಪು ಚಿಕಿತ್ಸೆ ಆಗಿದೆ" ಎಂದು ಮೊದಲೇ ಹೇಳಿ. ವಾಂತಿ, ಮಲಬದ್ಧತೆ ಮಾತ್ರ ನೋಡಿದರೆ ಸಾಮಾನ್ಯ ತೊಂದರೆ ಎನಿಸಬಹುದು. ನಿಮ್ಮ ಆ ಒಂದು ಮಾತು ಮಗುವಿನ ರಕ್ತವನ್ನು ಸಮಯಕ್ಕೆ ಪರೀಕ್ಷಿಸುವಂತೆ ಮಾಡುತ್ತದೆ.