ಐವತ್ತು ವರ್ಷದ ಮುಂದಿನ ನೀರು: ಟೆಕ್ಸಾಸ್‌ನ ಲೆಕ್ಕ

ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೆ 1950ರ ದಶಕದಲ್ಲಿ ಮಳೆ ವರ್ಷಗಟ್ಟಲೆ ಕೈಕೊಟ್ಟಿತು. ಅಲ್ಲಿನ ಜಿಲ್ಲೆಗಳಂಥ 254 ಕೌಂಟಿಗಳಲ್ಲಿ 244 ಬರಪೀಡಿತವಾದವು. ಆ ಬರ ಮುಗಿದ 1957ರಲ್ಲೇ ಟೆಕ್ಸಾಸ್ ಜಲ ಅಭಿವೃದ್ಧಿ ಮಂಡಳಿ ಹುಟ್ಟಿತು. ಊರುಗಳ ನೀರಿನ ಕಾಮಗಾರಿಗಳಿಗೆ ಸಾಲ ಒದಗಿಸುವುದು ಅದರ ಮೊದಲ ಕೆಲಸ. ಇಂದಿಗೂ ಅಲ್ಲಿನ ಜಲಯೋಜನೆ, ದಾಖಲೆಯ ಬರ ಮರುಕಳಿಸಿದರೆ ನೀರು ಸಾಲುತ್ತದೆಯೇ ಎಂದೇ ಲೆಕ್ಕ ಹಾಕುತ್ತದೆ. ಸರಾಸರಿ ಮಳೆಯನ್ನು ನಂಬಿದರೆ ಬರಗಾಲದಲ್ಲಿ ಲೆಕ್ಕ ತಪ್ಪುತ್ತದೆ.

ಯೋಜನೆ ಕೆಳಗಿನಿಂದ ಮೇಲಕ್ಕೆ

1968ರಲ್ಲಿ ಮಿಸ್ಸಿಸ್ಸಿಪ್ಪಿ ನದಿಯ ನೀರನ್ನು ಒಣಪ್ರದೇಶವಾದ ಪಶ್ಚಿಮ ಟೆಕ್ಸಾಸ್‌ಗೆ ತರುವ ಭಾರಿ ಯೋಜನೆ ಸಿದ್ಧವಾಯಿತು. ಮರುವರ್ಷ ಅದಕ್ಕೆ ಬಾಂಡ್ ಮೂಲಕ ಹಣ ಎತ್ತಲು ಮತದಾರರ ಒಪ್ಪಿಗೆ ಕೇಳಿದಾಗ, ಅಲ್ಪ ಅಂತರದಲ್ಲಿ ಪ್ರಸ್ತಾವ ಬಿದ್ದುಹೋಯಿತು. ಮೇಲಿನಿಂದ ಯೋಜಿಸುವ ಈ ಕ್ರಮವನ್ನೇ 1997ರ ಕಾನೂನು ತಿರುಗಿಸಿತು. ರಾಜ್ಯ 16 ವಲಯಗಳಾಯಿತು. ಪ್ರತಿ ವಲಯದಲ್ಲೂ ಕೃಷಿ, ನಗರಾಡಳಿತ, ಕೈಗಾರಿಕೆ, ಪರಿಸರ ಮುಂತಾದವುಗಳ ಪ್ರತಿನಿಧಿಗಳು ಕೂತು 50 ವರ್ಷದ ಬೇಡಿಕೆ ಅಂದಾಜಿಸುತ್ತಾರೆ. ಐದು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸುತ್ತಾರೆ.

ವಲಯಗಳ ಲೆಕ್ಕ ಕೂಡಿಸಿದ 2022ರ ರಾಜ್ಯ ಯೋಜನೆಯ ಪ್ರಕಾರ, 2020ರಲ್ಲಿ ಸುಮಾರು 2.97 ಕೋಟಿಯಿದ್ದ ಜನಸಂಖ್ಯೆ 2070ಕ್ಕೆ 5.15 ಕೋಟಿ ಆಗಲಿದೆ. ಇರುವ ಮೂಲಗಳ ನೀರು ಮಾತ್ರ ಶೇ 18ರಷ್ಟು ಇಳಿಯಲಿದೆ. ಓಗಲಾಲಾ ಎಂಬ ವಿಶಾಲ ಅಂತರ್ಜಲ ಪದರ ಬತ್ತುತ್ತಿರುವುದು ಇದಕ್ಕೆ ದೊಡ್ಡ ಕಾರಣ. ಜಲಾಶಯಗಳಲ್ಲಿ ಹೂಳೂ ತುಂಬುತ್ತಿದೆ. ಏನೂ ಮಾಡದಿದ್ದರೆ 2070ರ ಬರದಲ್ಲಿ ಸುಮಾರು 300 ಟಿಎಂಸಿ ನೀರಿನ ಕೊರತೆ ಬೀಳುತ್ತದೆ, ಅಂದರೆ ಆರು ಕೆಆರ್‌ಎಸ್ ಜಲಾಶಯಗಳಷ್ಟು. ಅದನ್ನು ತುಂಬಿಸುವ ಕಾಮಗಾರಿಗಳ ಅಂದಾಜು ವೆಚ್ಚ 8,000 ಕೋಟಿ ಡಾಲರ್.

ದುಡ್ಡು ಎಲ್ಲಿಂದ?

2011ರಲ್ಲಿ ಮತ್ತೆ ಭೀಕರ ಬರ. ಮರುವರ್ಷದ ಆರಂಭದಲ್ಲಿ ಸ್ಪೈಸ್‌ವುಡ್ ಬೀಚ್ ಎಂಬ ಪುಟ್ಟ ಊರಿನ ಬಾವಿ ಕೈಕೊಟ್ಟು, ಟ್ಯಾಂಕರ್ ನೀರೇ ಗತಿಯಾಯಿತು. 2013ರಲ್ಲಿ ಮತದಾರರು ರಾಜ್ಯದ ಆಪತ್ಕಾಲದ ನಿಧಿಯಿಂದ 200 ಕೋಟಿ ಡಾಲರ್ ತೆಗೆದಿಡಲು ಒಪ್ಪಿದರು.

ಈ ಹಣವನ್ನು ನೇರವಾಗಿ ಪೈಪಿಗೆ ಸುರಿಯುವುದಿಲ್ಲ. ಸಣ್ಣ ಪಟ್ಟಣ ತಾನೇ ಸಾಲ ಎತ್ತಿದರೆ ಬಡ್ಡಿ ಹೆಚ್ಚು. ಮಂಡಳಿ ರಾಜ್ಯದ ಹೆಸರಿನಲ್ಲಿ ಕಡಿಮೆ ಬಡ್ಡಿಗೆ ಬಾಂಡ್ ಮಾರಿ, ಬಡ್ಡಿಯ ಒಂದು ಪಾಲನ್ನು ಈ ಹಣದಿಂದ ಭರಿಸಿ, ಪಟ್ಟಣಕ್ಕೆ ಇನ್ನೂ ಅಗ್ಗವಾಗಿ ಸಾಲ ಕೊಡುತ್ತದೆ. ಪಟ್ಟಣ ನೀರಿನ ಬಿಲ್ಲಿನ ವಸೂಲಿಯಿಂದ ದೀರ್ಘಾವಧಿಯಲ್ಲಿ ತೀರಿಸುತ್ತದೆ. ಒಂದು ಷರತ್ತು ಮುಖ್ಯ: ರಾಜ್ಯದ ಜಲಯೋಜನೆಯಲ್ಲಿ ಸೇರಿದ ಕಾಮಗಾರಿಗೆ ಮಾತ್ರ ಈ ಸಾಲ. ಶೇ 20ರಷ್ಟನ್ನು ನೀರಿನ ಉಳಿತಾಯ ಮತ್ತು ಮರುಬಳಕೆಗೆ, ಶೇ 10ರಷ್ಟನ್ನು ಗ್ರಾಮೀಣ ಊರುಗಳಿಗೆ ಮತ್ತು ಕೃಷಿಗೆ ಕೊಡಲು ಮಂಡಳಿ ಗುರಿ ಇಟ್ಟುಕೊಳ್ಳಬೇಕು.

2025ರ ನವೆಂಬರಿನಲ್ಲಿ ಮತದಾರರು ಇನ್ನೊಂದು ಹೆಜ್ಜೆ ಇಟ್ಟರು. ಮಾರಾಟ ತೆರಿಗೆಯ ವಸೂಲಿ ನಿಗದಿತ ಮಟ್ಟ ದಾಟಿದರೆ, 2027ರಿಂದ 20 ವರ್ಷ, ವರ್ಷಕ್ಕೆ 100 ಕೋಟಿ ಡಾಲರ್‌ವರೆಗೆ ನೀರಿಗೆ ಮೀಸಲು.

ಬರ ಬಂದಾಗ ಹಣ ಬಿಡುಗಡೆ ಮಾಡುವುದು ಯಾವ ಸರ್ಕಾರಕ್ಕೂ ಕಷ್ಟವಲ್ಲ. ಆದರೆ ಜಲಾಶಯ ಕಟ್ಟಲು ದಶಕಗಳೇ ಹಿಡಿಯುತ್ತವೆ. ಆ ಬರಕ್ಕೆ ಅದು ಒದಗದು. ಕೆರೆಕಟ್ಟೆ ತುಂಬಿದ ವರ್ಷವೂ ಆಯವ್ಯಯದಲ್ಲಿ ನೀರಿನ ಪಾಲು ಕಡಿತವಾಗದಂತೆ ಕಾನೂನಿನಲ್ಲೇ ಬರೆದಿಡುವುದು ನಿಜವಾದ ದೂರದೃಷ್ಟಿ.